ಕರೆದ ಕೂಡಲೇ ಓಗೊಡುವವಳು

ಫುಫು ಮುದ್ದೆ ಕುಟ್ಟುವಾಗ ಒರಳಿನ ಮುಂದೆ ಕೂತವರನ್ನು ಹೆಸರು ಹಿಡಿದು ಕೂಗಬಾರದು. ಕುಮಾಸಿಯಲ್ಲಿ ಇದು ಮೊಲೆ ಬಿಡದ ಕೂಸಿಗೂ ಗೊತ್ತು. ಒರಳಿನ ಸುತ್ತ ಕೆದಕುವ ಕೋಳಿಗೂ ಗೊತ್ತು. ಗೊತ್ತಿಲ್ಲದವನು ಊರಿಗೆಲ್ಲ ಒಬ್ಬನೇ ಇದ್ದ. ಅವನನ್ನು ಹುಡುಕಿ ತಂದು ಮ್ಯಾನೇಜರ್ ಮಾಡಿದರು.

ಊಟದ ಮನೆಯ ಹೆಸರು 'ದೇವರ ಕೃಪೆ'. ಲಾರಿ ನಿಲ್ದಾಣದ ಬೆನ್ನಿಗೆ ಅಂಟಿಕೊಂಡಿತ್ತು. ಮೊದಮೊದಲು ಟಾರ್ಪಾಲಿನ ಕೆಳಗೆ ನಡೆಯುತ್ತಿತ್ತು. ಒಡತಿ ಅಫ್ರಾಕೊಮಾ ತಾನೇ ಒರಳಿನ ಮುಂದೆ ಕೂತು, ಫುಫು ತಿರುವಿ ತಿರುವಿ ಗೋಡೆ ಎಬ್ಬಿಸಿದಳು, ತಗಡು ಹೊದಿಸಿದಳು, ಕೊನೆಗೆ ಫ್ಯಾನು ಹಾಕಿಸಿದಳು. ಎಲ್ಲರೂ ಅವಳನ್ನು ಮಾಮೆ ಎನ್ನುವರು, ತಾಯಿ ಎಂದ ಹಾಗೆ. ಫ್ಯಾನು ಬಂದ ಮೇಲೆ ಅದರ ಕೆಳಗೆ ಕೂರಲು ಒಬ್ಬ ಬೇಕಲ್ಲ. ಬೆಡಿಯಾಕೊ ಬಂದ. ರಾಜಧಾನಿಯ ದೊಡ್ಡ ಹೋಟೆಲಿನಲ್ಲಿ ತರಬೇತಿ ಪಡೆದವನು. ಇಸ್ತ್ರಿ ಅಂಗಿ, ಕಂಕುಳಲ್ಲಿ ಫೈಲು. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಕೆಲಸದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಪ್ರಾರ್ಥನೆ ಮಾಡಿಸುವನು. 'ಈ ಕೈಗಳನ್ನು ಹರಸು ತಂದೆಯೇ' ಎಂದು ನಿಲ್ದಾಣಕ್ಕೆಲ್ಲ ಕೇಳುವಂತೆ ಬೇಡುವನು. ಆ ಕೈಗಳು ಹೇಗಿವೆ ಎಂದು ಒಮ್ಮೆಯೂ ನೋಡಿದವನಲ್ಲ. ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿರಬೇಕು, ಭಕ್ತರ ಪದ್ಧತಿ ಅದು. ಇವನು ಪ್ರಾರ್ಥನೆ ಮುಗಿದ ಮೇಲೂ ತೆರೆಯಲಿಲ್ಲ, ಅಷ್ಟೇ.

ಲಾಮಿಸಿ ಉತ್ತರದ ಬೋಲ್ಗಾ ಕಡೆಯ ಹೆಣ್ಣು. ಕುಮಾಸಿಗೆ ಬಂದವಳು ಮೊದಲು ಪೇಟೆಯಲ್ಲಿ ತಲೆಹೊರೆ ಹೊತ್ತಳು. ಈರುಳ್ಳಿ ಮೂಟೆ, ಹಂದಿಕಾಲಿನ ಡಬ್ಬ, ಬಟ್ಟೆ ಗಂಟು. ಅಲ್ಲಿ ಅವಳಿಗೆ ಹೆಸರಿರಲಿಲ್ಲ. 'ಏ ಹೊರೆ, ಬಾ ಇಲ್ಲಿ' ಎನ್ನುವರು. ಕತ್ತಿನ ನರ ಗಟ್ಟಿಯಾಗಿ ಹಗ್ಗದ ಹಾಗೆ ಎದ್ದು ನಿಂತವು. ಮಲಗುವುದು ಮುಚ್ಚಿದ ಅಂಗಡಿಗಳ ಕಟ್ಟೆಯ ಮೇಲೆ, ಹತ್ತು ಹೆಂಗಸರ ನಡುವೆ. 'ದೇವರ ಕೃಪೆ'ಯಲ್ಲಿ ಮಾತ್ರ ಅವಳ ಹೆಸರು ಕೇಳಿದರು. ಪ್ಲಾಸ್ಟಿಕ್ಕಿನ ಬಿಲ್ಲೆಯ ಮೇಲೆ ಬರೆದು ಎದೆಗೆ ಸಿಕ್ಕಿಸಿದರು.

ಮೂರು ತಿಂಗಳು ಪ್ರೊಬೇಷನ್ ಎಂದ ಬೆಡಿಯಾಕೊ. ಕೊನೆಗೆ ವರದಿ ಬರೆಯುತ್ತಾನೆ. ಪಾಸಾದರೆ ಕಾಯಂ. ಕಾಯಂ ಆದರೆ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಲು ಜಾಗ, ಮೈಗೆ ಹುಷಾರಿಲ್ಲದಿದ್ದರೆ ಆಸ್ಪತ್ರೆಯ ಖರ್ಚು. ಇಲ್ಲವಾದರೆ ಮತ್ತೆ ಹೊರೆ.

ಅವಳನ್ನು ಒರಳಿನ ಮುಂದೆ ಕೂರಿಸಿದರು. ಬೆಂದ ಮರಗೆಣಸು, ಬಾಳೆಕಾಯಿ ಒರಳಿಗೆ ಬೀಳುತ್ತಿದ್ದವು. ಕುಟ್ಟುವವನು ಅದಾಮು, ಅವನೂ ಉತ್ತರದವನೇ. ನಿಂತು, ಆಳೆತ್ತರದ ಒನಕೆಯನ್ನು ತಲೆಯ ಮೇಲೆತ್ತಿ ಬಿಡುವನು. ಕೆಳಗೆ ಕೂತ ಲಾಮಿಸಿ, ಒನಕೆ ಮೇಲೆ ಹೋದ ಹೊತ್ತಿನಲ್ಲಿ ಬಲಗೈಯನ್ನು ಒರಳಿಗಿಟ್ಟು, ಸುಡುವ ಮುದ್ದೆಯನ್ನು ಮಗುಚಿ, ನೀರು ಸವರಿ, ಕೈ ತೆಗೆಯಬೇಕು. ಒನಕೆ ಬೀಳುತ್ತದೆ. ಮತ್ತೆ ಕೈ. ಮತ್ತೆ ಒನಕೆ. ನಡುವೆ ಒಂದು ಉಸಿರಿನಷ್ಟೂ ಬಿಡುವಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಸದ್ದೇ ಕಣ್ಣು. ಸೊಂಟ ಸೆಟೆದುಕೊಳ್ಳುತ್ತದೆ, ಅಂಗೈ ಬೊಬ್ಬೆ ಏಳುತ್ತದೆ, ಒಡೆಯುತ್ತದೆ, ಮತ್ತೆ ಏಳುತ್ತದೆ. ಮಧ್ಯಾಹ್ನದೊಳಗೆ ಡ್ರೈವರುಗಳಿಗೆಲ್ಲ ಆಗುವಷ್ಟು ಮುದ್ದೆ ಎದ್ದಿರಬೇಕು.

"ನಿನ್ನ ಕೈ ಹಲ್ಲಿ ಕಣ್ ತಂಗ್ಯವ್ವಾ," ಎನ್ನುತ್ತಿದ್ದ ಅದಾಮು. "ಇದ್ದಂಗೂ ಇರುತ್ತೆ, ಇಲ್ಲದಂಗೂ ಇರುತ್ತೆ."

"ನೀನು ಒನಕೆ ನೋಡ್ಕೊ, ಹಲ್ಲಿ ತಾನೇ ನೋಡ್ಕೊಳ್ಳುತ್ತೆ."

ಒರಳಿನ ಮುಂದೆ ಕೂರುವಾಗ ಅವಳು ಎದೆಯ ಬಿಲ್ಲೆ ತೆಗೆದಿಡುತ್ತಿದ್ದಳು. ಬಗ್ಗಿದರೆ ಮುದ್ದೆಗೆ ಬೀಳುತ್ತದೆ, ಅದಕ್ಕೆ. ಒಂದು ದಿನ ಬೆಡಿಯಾಕೊ ಫ್ಯಾನಿನ ಕೆಳಗಿನಿಂದ ಎದ್ದು ಬಾಗಿಲಿಗೆ ಬಂದ. ಬಿಲ್ಲೆ ಇಲ್ಲದ ಎದೆ ಅವನ ಕಣ್ಣಿಗೆ ಬಿತ್ತು.

"ಲಾಮಿಸಿ!"

ಲಾಮಿಸಿಯ ಅಜ್ಜಿ ಅವಳಿಗೆ ಬಿಟ್ಟುಹೋದದ್ದು ಒಂದೇ ಒಂದು ಆಸ್ತಿ. ಹಿರಿಯರು ಎರಡನೇ ಸಲ ಕರೆಯುವ ಹಾಗೆ ಮಾಡಬೇಡ, ಅವರ ಗಂಟಲು ಒಣಗಿದ ಪಾಪ ನಿನಗೆ ಬರುತ್ತದೆ ಎನ್ನುತ್ತಿದ್ದಳು ಮುದುಕಿ. ಆ ಮಾತು ಮೊಮ್ಮಗಳ ಕತ್ತಿನೊಳಗೆ ಹೊಕ್ಕು ಕೂತಿತ್ತು. ಕತ್ತು ತಿರುಗಿತು. ಬಾಯಿ 'ಬಂದೆ ಸಾರ್' ಎಂದಿತು. ಕೈ ಒರಳಿನಲ್ಲೇ ಉಳಿಯಿತು.

ಒನಕೆಗೆ ಯಾರೂ ಹೇಳಿರಲಿಲ್ಲ.

ಅದಾಮು ಒನಕೆ ಎಸೆದು ತಲೆ ಹಿಡಿದುಕೊಂಡು ಕೂತ. ಬಡಿಸುವ ಹೆಂಗಸು ಅಬ್ರಾಫಿ ಓಡಿ ಬಂದು ತನ್ನ ತಲೆವಸ್ತ್ರ ಬಿಚ್ಚಿ ಲಾಮಿಸಿಯ ಕೈಗೆ ಸುತ್ತಿದಳು. ಬೆಡಿಯಾಕೊ ಕೂಡ ಓಡಿ ಬಂದ. ಬಗ್ಗಿ ನೋಡಿದ. ಅವನು ನೋಡಿದ್ದು ಒರಳಿನೊಳಗೆ.

"ರಕ್ತ ಬಿದ್ದಿದೆ," ಎಂದ. "ಇದನ್ನ ಗಿರಾಕಿಗೆ ಹಾಕೋ ಹಾಗಿಲ್ಲ. ಪೂರ್ತಿ ಚೆಲ್ಲಿ."

ಬಲಗೈಯ ನಡುಬೆರಳು, ಉಂಗುರಬೆರಳು ಎರಡೂ ಮುರಿದಿದ್ದವು. ಅದಾಮುವಿಗೆ ಮೂಳೆಯ ಸಂಗತಿ ಕೊಂಚ ಗೊತ್ತು. "ನಮ್ಮ ಕಡೆ ಮುದುಕ ಒಬ್ಬ ಸುಆಮೆಯಲ್ಲಿದಾನೆ, ಮೂಳೆ ಕೂರಿಸ್ತಾನೆ," ಎಂದ. "ಹಸಿ ಇರೋವಾಗ್ಲೇ ಹೋಗ್ಬೇಕು. ಸೊಟ್ಟಗೆ ಕೂಡ್ಕೊಂಡ್ರೆ ಮತ್ತೆ ಮುರಿದೇ ಕೂರಿಸ್ಬೇಕು."

ಲಾಮಿಸಿ ಬೆಡಿಯಾಕೊ ಹತ್ತಿರ ಹೋದಳು.

"ಹೋಗು, ನಾನೇನು ಕಟ್ಟಿ ಹಾಕಿದೀನಾ?" ಎಂದ ಅವನು. "ಆದ್ರೆ ನೋಡು, ಪ್ರೊಬೇಷನ್ನಲ್ಲಿ ಗೈರುಹಾಜರಿ ಅಂತ ಬಿದ್ರೆ ವರದಿ ಕೆಡುತ್ತೆ. ಆಮೇಲೆ ನನ್ನ ಹತ್ರ ಬಂದು ಅಳಬೇಡ. ಇನ್ನು ಮೂರೇ ವಾರ. ಕಾಯಂ ಆದ್ಮೇಲೆ ಮಾಮೆ ಖರ್ಚಲ್ಲೇ ದೊಡ್ಡಾಸ್ಪತ್ರೆಗೆ ಹೋಗಬಹುದು. ಬುದ್ಧಿವಂತೆ ಆದ್ರೆ ಕಾಯ್ತೀಯ."

ಬುದ್ಧಿವಂತೆ ಕಾದಳು. ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿ ಊದಿದವು. ರಾತ್ರಿ ಕಟ್ಟೆಯ ಮೇಲೆ ಮಲಗಿದಾಗ ಕೈಯನ್ನು ಎದೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ಜಪಮಾಲೆ ಎಣಿಸುವಳು. ಎಡಗೈಯಲ್ಲಿ ಎಣಿಸುವಳು. ದೇವರು ಬೇಡ ಎನ್ನಲಿಲ್ಲ.

ಬೇಡ ಎಂದದ್ದು ಬೆಡಿಯಾಕೊ.

ತಿರುವಲು ಆಗದವಳನ್ನು ಬಡಿಸಲು ಹಾಕಿದ್ದ. ಬಡಿಸುತ್ತಿದ್ದ ಅಬ್ರಾಫಿಯನ್ನು ಒರಳಿಗೆ ಕೂರಿಸಿದ್ದ. ಲಾಮಿಸಿ ಕುದಿಯುವ ತಾಳೆಹಣ್ಣಿನ ಸಾರಿನ ಬೋಗುಣಿಯನ್ನು ಬಲ ಮೊಣಕೈಯ ಮಡಿಕೆಯಲ್ಲಿ ಇಟ್ಟುಕೊಂಡು, ಎಡಗೈಯಲ್ಲಿ ಅಂಚು ಹಿಡಿದು, ಬೆಂಚುಗಳ ನಡುವೆ ನುಸುಳಬೇಕು. ಎಡಗೈಯಲ್ಲೇ ಮುಂದಿಡಬೇಕು. ಆ ಊರಿನಲ್ಲಿ ಎಡಗೈಯಲ್ಲಿ ಕೊಡುವುದೂ ಒಂದೇ, ಮುಖಕ್ಕೆ ಉಗುಳುವುದೂ ಒಂದೇ. ಕೊಡಲೇಬೇಕಾಗಿ ಬಂದರೆ ಮೊದಲು 'ಸೆಬೆ' ಎನ್ನಬೇಕು. ತಪ್ಪು ಹೊಟ್ಟೆಗೆ ಹಾಕಿಕೊಳ್ಳಿ ಎಂದು ಅದರ ಅರ್ಥ. ಲಾಮಿಸಿ ಬೋಗುಣಿ ಇಡುವಾಗ ಸೆಬೆ. ಕೈತೊಳೆಯುವ ನೀರು ಕೊಡುವಾಗ ಸೆಬೆ. ಚಿಲ್ಲರೆ ಕೊಡುವಾಗ ಸೆಬೆ. ಮುರಿದ ಬೆರಳಿನವಳು ಗಟ್ಟಿ ಬೆರಳಿನವರ ಮುಂದೆಲ್ಲ ದಿನವಿಡೀ ತಪ್ಪೊಪ್ಪಿಕೊಂಡು ತಿರುಗಿದಳು.

ಗಿರಾಕಿಗಳು ಬೈಯಲಿಲ್ಲ. ತಮಾಲೆಗೆ ಲಾರಿ ಓಡಿಸುವ ಮುದುಕ ಅಟ್ಟಾ ಒಂದು ದಿನ ಅವಳು ಬೋಗುಣಿ ಇಡುವ ಮೊದಲೇ ಎರಡೂ ಕೈ ಒಡ್ಡಿ ಇಸಿದುಕೊಂಡ.

"ಸೆಬೆ, ತಾತ."

"ಸೆಬೆ ಸೆಬೆ ಅಂತ ಬಾಯಿ ಒಣಗಿಸ್ಕೋಬೇಡ ಕೂಸೇ. ಸಾರು ಬಿಸಿ ಇದ್ಯಾ? ಅಷ್ಟು ಸಾಕು. ನಾನು ಗೇರಿಗೆ ಬಲಗೈ ಕೊಟ್ಟು, ಎಡಗೈಲಿ ಸ್ಟೇರಿಂಗ್ ಹಿಡಿತೀನಿ. ಒಂದು ಲಾರಿ ಜನರ ಜೀವ ಎಡಗೈಲಿ ಇಟ್ಕೊಂಡು ತಮಾಲೆವರೆಗೂ ಹೋಗ್ತೀನಿ. ಇವತ್ತಿನವರೆಗೂ ಒಬ್ಬನಾದ್ರೂ, ಅಟ್ಟಾ, ಬಲಗೈಗೆ ಬದಲಾಯಿಸು ಅಂದಿಲ್ಲ."

ಬೆಂಚಿನವರು ನಕ್ಕರು. ಲಾಮಿಸಿಯೂ ನಕ್ಕಳು. ಫ್ಯಾನಿನ ಕೆಳಗೆ ಕೂತವನು ನಗಲಿಲ್ಲ. ಫೈಲು ತೆರೆದು ಏನೋ ಗೀಚಿದ.

ವರದಿಯ ದಿನ ಬಂತು.

ದೊಡ್ಡ ಹೋಟೆಲಿನಲ್ಲಿ ವರದಿಯನ್ನು ಎಲ್ಲರ ಮುಂದೆ ಓದುತ್ತಾರಂತೆ. ಹಾಗೆ ಓದಿದರೆ ಪಾರದರ್ಶಕ ಅಂತೆ. ಬೆಡಿಯಾಕೊ ಅದನ್ನು ಮಾಮೆಗೆ ಬಣ್ಣಿಸಿ ಹೇಳಿದ್ದ. ಬೆಳಗಿನ ಪ್ರಾರ್ಥನೆಗೆ ಮಾಮೆ ಬರುವುದಿಲ್ಲ, ಅವಳಿಗೆ ಚರ್ಚಿನ ಹೆಂಗಸರ ಸಭೆ ಇರುತ್ತದೆ. ಹಾಗಾಗಿ ಅವಳು ಬಂದ ಮೇಲೆ, ಒರಳಿಗೆ ಗೆಣಸು ಬಿದ್ದ ಮೇಲೆ, ಲಾಮಿಸಿಯನ್ನು ಒರಳಿನ ಪಕ್ಕ ನಿಲ್ಲಿಸಿದರು. ಅದಾಮು ಒನಕೆ ಊರಿಕೊಂಡು ನಿಂತ. ಅಬ್ರಾಫಿ ಕೈಗೆ ನೀರು ಸವರಿಕೊಂಡು ಒರಳಿನ ಮುಂದೆ ಕೂತಿದ್ದಳು. ಮಾಮೆಗೆ ಕುರ್ಚಿ ಹಾಕಿದರು. ಹಸಿದ ಡ್ರೈವರುಗಳು ಆಗಲೇ ಬೆಂಚು ಹಿಡಿದಿದ್ದರು. ತೆರೆದ ಅಂಗಳ, ಎಲ್ಲರಿಗೂ ಎಲ್ಲ ಕಾಣುತ್ತಿತ್ತು.

ಬೆಡಿಯಾಕೊ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ವೇಗ. ಹತ್ತಕ್ಕೆ ಎರಡು. ಬಡಿಸುವಾಗ ಎಲ್ಲರಿಗಿಂತ ನಿಧಾನ."

"ಒಂದು ಕೈಗೆ ಎರಡು ಮಾರ್ಕು ಬಂತಲ್ಲ, ಪುಣ್ಯ," ಎಂದ ಅದಾಮು, ಒನಕೆಗೆ ಹೇಳಿದ ಹಾಗೆ.

"ಜಾಗರೂಕತೆ. ಸೊನ್ನೆ. ಕೆಲಸದ ನಡುವೆ ಗಮನ ಬೇರೆ ಕಡೆ ಹರಿಸಿ, ತಾನೇ ಕೈಗೆ ಪೆಟ್ಟು ಮಾಡ್ಕೊಂಡು, ಒಂದು ಒರಳು ಫುಫು ಹಾಳು ಮಾಡಿದಾಳೆ."

ಲಾಮಿಸಿ ತಲೆ ತಗ್ಗಿಸಿ ನಿಂತಿದ್ದಳು. ಆ ಮಾತಿಗೆ ತಲೆ ಎತ್ತಿದಳು.

"ನಗುಮುಖ, ಮೂರು. ಈಚೆಗೆ ಮುಖ ಗಂಟು ಹಾಕ್ಕೊಂಡೇ ಇರ್ತಾಳೆ. ಗಿರಾಕಿಗಳಿಗೆ ಗೌರವ, ಒಂದು. ಎಡಗೈಯಲ್ಲಿ ಬಡಿಸ್ತಾಳೆ. ಇದು ನಮ್ಮ ಸಂಸ್ಕೃತಿಗೆ ಮಾಡೋ ಅವಮಾನ. ಉತ್ತರದ ಕಡೆ ಹೇಗೋ ಗೊತ್ತಿಲ್ಲ. ಅಲ್ಲಿ ಎಡ ಬಲ ಅಂತ ಇದ್ಯೋ ಇಲ್ವೋ."

ಅವನು ಹಾಳೆ ಮಗುಚಿ ತಲೆ ಎತ್ತಿದ. ಮುಖದಲ್ಲಿ ಔದಾರ್ಯ ಮೂಡಿತು. "ಆದ್ರೆ ನ್ಯಾಯ ಅಂದ್ರೆ ನ್ಯಾಯ. ಒಳ್ಳೇದನ್ನೂ ಬರೆದಿದೀನಿ. ಕರೆದ ಕೂಡಲೇ ಓಗೊಡುವುದು. ಹತ್ತಕ್ಕೆ ಹತ್ತು. ಎಲ್ಲಿ, ಚಪ್ಪಾಳೆ."

ಯಾರೋ ಎರಡು ಸಲ ತಟ್ಟಿ, ಸುತ್ತ ನೋಡಿ, ನಿಲ್ಲಿಸಿದರು.

"ಒಟ್ಟಾರೆ ಅನರ್ಹ," ಎಂದು ಓದಿ ಮುಗಿಸಿದ ಬೆಡಿಯಾಕೊ. "ಹಾಗಂತ ಬೀದಿಗೆ ತಳ್ಳೋದು ದೇವರು ಮೆಚ್ಚೋ ಕೆಲಸ ಅಲ್ಲ. ಮಾಮೆ ದೊಡ್ಡ ಮನಸ್ಸು ಮಾಡಿದಾರೆ. ಪ್ರೊಬೇಷನ್ ಇನ್ನೂ ಮೂರು ತಿಂಗಳು ಮುಂದಕ್ಕೆ. ನೀನು ಮಾಡಬೇಕಾದ್ದು ಇಷ್ಟೇ. ಕೈ ಪೆಟ್ಟು ನನ್ನ ಅಜಾಗರೂಕತೆಯಿಂದ ಆಯ್ತು ಅಂತ ಇದರ ಕೆಳಗೆ ರುಜು ಹಾಕು. ಮಾಮೆ ಮುಂದೆ ಮಂಡಿಯೂರಿ, ಇಷ್ಟು ದಿನ ಎಡಗೈಲಿ ಬಡಿಸಿದ್ದಕ್ಕೆ ಸೆಬೆ ಅನ್ನು."

"ಆಸ್ಪತ್ರೆ, ಸಾರ್?" ಎಂದಳು ಲಾಮಿಸಿ.

"ಅದು ಕಾಯಂ ಆದೋರಿಗೆ."

"ಇನ್ನು ಮೂರು ತಿಂಗಳಿಗೆ ಬೆರಳು ಹಿಂಗೇ ಕೂತ್ಕೊಂಡ್ಬಿಡುತ್ತೆ ಸಾರ್."

"ಬೆರಳು ಸೊಟ್ಟಗಿದ್ರೂ ಪರವಾಗಿಲ್ಲ. ಮನಸ್ಸು ನೆಟ್ಟಗಿರಬೇಕು."

ಈ ಮಾತು ಅವನಿಗೇ ಬಹಳ ಹಿಡಿಸಿತು. ಮಾಮೆಯ ಕಡೆ ತಿರುಗಿ ನೋಡಿದ.

ಮಾಮೆ ಕುರ್ಚಿಯಲ್ಲಿ ಸರಿದು ಕೂತಳು. ಕೆಟ್ಟ ಹೆಂಗಸಲ್ಲ. ಹಬ್ಬಕ್ಕೆ ಎಲ್ಲರಿಗೂ ಬಟ್ಟೆ ಕೊಡುವವಳು. ಕಣ್ಣೆದುರಿನ ಅನ್ಯಾಯಕ್ಕೆ ಒಂದು ಮಾತು ಆಡಬೇಕಾಗಿ ಬಂದರೆ ಮಾತ್ರ ಅವಳಿಗೆ ಮೈಯಲ್ಲಿ ಹುಷಾರು ತಪ್ಪುವುದು. "ಅಂದ್ಬಿಡು ಕೂಸೇ," ಎಂದಳು. "ಒಂದು ಮಾತು ತಾನೆ. ಹಸಿದೋರು ಕಾಯ್ತಿದಾರೆ."

ಲಾಮಿಸಿ ಅವಳ ಕೈ ನೋಡಿದಳು. ಬಲಗೈಯ ಉಂಗುರಬೆರಳು ಬುಡದಲ್ಲೇ ಹೊರಳಿ, ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಚಿನ್ನದ ಉಂಗುರ ಆ ಬೆರಳಿಗೆ ಹೋಗದೆ ಎಡಗೈ ಸೇರಿತ್ತು.

"ಮಾಮೆ, ನಿಮ್ಮ ಬೆರಳು ಹೆಂಗೆ ಸೊಟ್ಟಾಯ್ತು?"

ಬೆಂಚಿನಲ್ಲಿ ಯಾರೋ ಕೈತೊಳೆಯುವ ಬೋಗುಣಿ ಕೆಳಗಿಟ್ಟರು.

"ಅದು ಹಳೇ ಕಥೆ," ಎಂದಳು ಮಾಮೆ.

"ನಿಮ್ಮನ್ನ ಯಾರು ಕೂಗಿದ್ದು?"

ಮಾಮೆ ಬಲಗೈಯನ್ನು ಸೆರಗಿನಂತೆ ಹೊದ್ದ ಬಟ್ಟೆಯ ಒಳಗೆ ಸೇರಿಸಿದಳು. ಅಷ್ಟು ಹೊತ್ತು ಲಾಮಿಸಿಗೆ ಒಂದು ಆಸೆ ಇತ್ತು. ಒರಳಿನ ಮುಂದೆ ಕೂತು ಎದ್ದವಳು, ಅವಳಾದರೂ ಹೇಳುತ್ತಾಳೆ ಎಂದು. ಆ ಕೈ ಬಟ್ಟೆಯೊಳಗೆ ಹೋದದ್ದನ್ನು ನೋಡಿದ ಮೇಲೆ ಆಸೆ ಹೋಯಿತು. ಅದರ ಜೊತೆಗೆ ಹೆದರಿಕೆಯೂ ಹೋಯಿತು.

"ಮಾಮೆಗೇ ಎದುರು ಪ್ರಶ್ನೆನಾ?" ಬೆಡಿಯಾಕೊ ದನಿ ಏರಿಸಿದ. "ಅದಕ್ಕೇ ನಿಮ್ಮ ಕಡೆಯವರನ್ನ ಹೊರೆ ಹೊರೋದಕ್ಕೆ ಮಾತ್ರ ಇಟ್ಕೋತಾರೆ. ರುಜು ಹಾಕ್ತೀಯೋ ಇಲ್ವೋ?"

ಲಾಮಿಸಿ ಅವನ ಕಡೆ ತಿರುಗಿದಳು.

"ಎಲ್ಲಾ ಇಟ್ಕೊಳ್ಳಿ ಸಾರ್. ಎರಡು, ಸೊನ್ನೆ, ಒಂದು, ಏನೇನಿದೆಯೋ ಎಲ್ಲಾ ನಿಮಗೇ ಇರ್ಲಿ. ಆ ಹತ್ತು ಮಾತ್ರ ವಾಪಸ್ ತಗೊಳ್ಳಿ."

"ಏನಂದೆ?"

"ಕರೆದ ಕೂಡಲೇ ಓಗೊಟ್ಟೆ ಅಂತ ಕೊಟ್ರಲ್ಲ, ಅದು. ಈ ಬೆರಳು ಮುರಿದಿದ್ದು ಅದಕ್ಕೇ. ನೀವು ಕೂಗಿದ್ರಿ, ನಾನು ಓಗೊಟ್ಟೆ. ಅಲ್ಲಿ ಹತ್ತು ಕೊಟ್ಟು, ಅದೇ ತಪ್ಪಿಗೆ ಇಲ್ಲಿ ಸೊನ್ನೆ ಕೊಟ್ಟಿದೀರ. ಒರಳಲ್ಲಿ ಕೈ ಇದ್ದೋಳನ್ನ ಯಾಕೆ ಕೂಗಿದ್ರಿ, ಇವರಿಗೆ ಹೇಳಿ."

ಬೆಡಿಯಾಕೊ ಫೈಲಿನ ಹಾಳೆ ಮಗುಚಿದ. ಅದಾಮು ಹೇಳಿದ. "ಎದೆ ಮೇಲೆ ಬಿಲ್ಲೆ ಯಾಕಿಲ್ಲ ಅಂತ ಕೇಳೋಕೆ."

ಮುದುಕ ಅಟ್ಟಾ ಬೆಂಚಿನಿಂದಲೇ, "ಬಿಲ್ಲೆಗಾ?" ಎಂದ. ಪಕ್ಕದವನನ್ನು ಮತ್ತೆ ಕೇಳಿದ, "ಬಿಲ್ಲೆಗಂತೆ?"

"ನೀವು ಸುಮ್ನಿರಿ, ಇದು ಒಳಗಿನ ವಿಷಯ," ಎಂದ ಬೆಡಿಯಾಕೊ.

"ಎಲ್ಲರ ಮುಂದೆ ಓದಿದೋರು ನೀವೇ ಅಲ್ವಾ ಸಾರ್?" ಎಂದಳು ಲಾಮಿಸಿ. ಅವಳ ದನಿ ಏರಲಿಲ್ಲ. "ರುಜು ಹಾಕ್ತೀನಿ. ಮಂಡಿನೂ ಊರ್ತೀನಿ. ಅದಕ್ಕೆ ಮುಂಚೆ ಒಂದ್ಸಲ ಇಲ್ಲಿ ಕೂತ್ಕೊಳ್ಳಿ. ಅಬ್ರಾಫಿ, ಏಳೇ, ಸಾರ್‌ಗೆ ಜಾಗ ಬಿಡು."

ಅಬ್ರಾಫಿ ಎದ್ದಳು. ಹೇಳಿದ್ದನ್ನು ಇಷ್ಟು ಚುರುಕಾಗಿ ಅವಳು ಎಂದೂ ಮಾಡಿರಲಿಲ್ಲ. ಬಟ್ಟೆಯ ಅಂಚಿನಿಂದ ಮಣೆಯನ್ನೂ ಒರೆಸಿದಳು.

"ಬಲಗೈ ಒಳಗಿಡಿ ಸಾರ್. ಅದಾಮು ಕುಟ್ತಾನೆ, ನೀವು ತಿರುವಿ. ನಾನು ಬಾಗಿಲಲ್ಲಿ ನಿಂತ್ಕೊಂಡು ನಿಮ್ಮ ಹೆಸರು ಕೂಗ್ತೀನಿ. ನೀವು ಗಮನ ಬೇರೆ ಕಡೆ ಹರಿಸ್ಬೇಡಿ. ಜಾಗರೂಕತೆಯಿಂದಿರಿ. ನಗ್ತಾ ಇರಿ. ಕೈ ನೆಟ್ಟಗೆ ಆಚೆ ಬಂದ್ರೆ, ತಪ್ಪು ನಂದೇ."

ಅದಾಮು ಒನಕೆಯನ್ನು ನೆಲದಿಂದ ತೆಗೆದು ತಲೆಯ ಮೇಲೆತ್ತಿ ಹಿಡಿದ. ಹಾಗೇ ಹಿಡಿದು ನಿಂತ.

ಬೆಡಿಯಾಕೊನ ಬಲಗೈ, ಯಾರೂ ಹೇಳದೆ, ಮೆಲ್ಲಗೆ ಪ್ಯಾಂಟಿನ ಜೇಬಿಗೆ ಇಳಿಯಿತು.

ಮೊದಲು ನಕ್ಕವನು ಅಟ್ಟಾ. ಆಮೇಲೆ ಬೆಂಚಿಗೆ ಬೆಂಚೇ ನಕ್ಕಿತು. ಸಾರಿನ ಒಲೆಯ ಹತ್ತಿರದ ಹೆಂಗಸರು ಬಾಯಿಗೆ ಬಟ್ಟೆ ಅಡ್ಡ ಹಿಡಿದರು. ಜೇಬಿಗೆ ಹೋದ ಕೈ ಹೊರಗೆ ಬರಲಿಲ್ಲ. ಪ್ರತಿ ಬೆಳಿಗ್ಗೆ ದೇವರು ಹರಸುತ್ತಿದ್ದ ಕೈ ಅದು, ನುಣ್ಣಗೆ ಬೆಚ್ಚಗೆ ಅಲ್ಲೇ ಇತ್ತು.

ಲಾಮಿಸಿ ಎಡಗೈಯಲ್ಲಿ ಏಪ್ರನ್ನಿನ ಗಂಟು ಬಿಚ್ಚತೊಡಗಿದಳು. ಒಂದೇ ಕೈ, ಹೊತ್ತು ಹಿಡಿಯಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ. ಅವಳಿಗೂ ಬೇಕಿರಲಿಲ್ಲ. ಹೆಸರಿನ ಬಿಲ್ಲೆ ಏಪ್ರನ್ನಿನ ಮೇಲೇ ಇತ್ತು. ಅದನ್ನು ಹಾಗೇ ಮುದುರಿ ಬೆಡಿಯಾಕೊ ಮುಂದೆ ಚಾಚಿದಳು.

ಎಡಗೈಯಲ್ಲಿ.

ಅವನು ಕಾದ. ಅಂಗಳವೂ ಕಾಯಿತು. ಮೂರು ವಾರ ಉಪ್ಪು ಕೊಡುವಾಗಲೂ ಬಿಡದೆ ಅಂದ ಮಾತು ಅದು. ಈಗ ಬರುತ್ತದೆ ಎಂದು ಎಲ್ಲರ ಕಿವಿಗಳೂ ನಿಮಿರಿದವು.

ಲಾಮಿಸಿ ಬಾಯಿ ತೆರೆಯಲಿಲ್ಲ. ಅವನ ಕಣ್ಣಲ್ಲಿ ಕಣ್ಣಿಟ್ಟು ಸುಮ್ಮನೆ ನಿಂತಳು. ಅವನು ಇಸಿದುಕೊಳ್ಳದಿದ್ದಾಗ ಫೈಲಿನ ಮೇಲೆ, ಓದಿದ ವರದಿಯ ಮೇಲೆ, ಗೆಣಸಿನ ಕಲೆಯ ಏಪ್ರನ್ನು ಇಟ್ಟಳು. ತಿರುಗಿ ನಡೆದಳು.

"ಹೋಗಲಿ ಬಿಡಿ, ಹೊರೆ ಹೊರೋ ಜಾತಿ," ಎಂದ ಬೆಡಿಯಾಕೊ. "ಅಬ್ರಾಫಿ, ಕೂತ್ಕೊ. ಗೆಣಸು ತಣ್ಣಗಾಗ್ತಿದೆ."

ಅಬ್ರಾಫಿ ಬೋಗುಣಿಯ ನೀರಿನಲ್ಲಿ ಎರಡೂ ಕೈ ತೊಳೆಯುತ್ತಿದ್ದಳು. ಬೆರಳು ಬೆರಳಿನ ಸಂದಿಯನ್ನೂ ತಿಕ್ಕಿ, ಊಟ ಮುಗಿಸಿದವಳ ಹಾಗೆ ತೊಳೆದಳು. "ಆಗಲ್ಲ ಸಾರ್," ಎಂದಳು. "ನನ್ನದೂ ಎರಡೇ ಕೈ."

ಅದಾಮು ಎತ್ತಿದ ಒನಕೆಯನ್ನು ಇಳಿಸಿ ಒರಳಿನ ಬಾಯಿಗೆ ಅಡ್ಡ ಮಲಗಿಸಿದ. ಅದರ ಮೇಲೇ ಕೂತ. ತಣ್ಣಗಾದ ಗೆಣಸು ಮುದ್ದೆ ಕಟ್ಟುವುದಿಲ್ಲ, ಗಂಟುಗಂಟಾಗಿ ನಿಲ್ಲುತ್ತದೆ. ಬೆಂಚಿನವರು ಮೇಜು ಬಡಿಯತೊಡಗಿದರು. ಲಾರಿಗಳು ಹೊರಡುವ ಹೊತ್ತು. ಕುರ್ಚಿಯಲ್ಲಿ ಕೂತಿದ್ದ ಮಾಮೆ ತಲೆ ತಗ್ಗಿಸಿಕೊಂಡೇ ಮ್ಯಾನೇಜರಿಗೆ ಏನೋ ಹೇಳಿದಳು.

ಬೆಡಿಯಾಕೊ ಬಾಗಿಲಿಗೆ ಓಡಿದ.

"ಲಾಮಿಸಿ!"

ಲಾಮಿಸಿ ಆಗಲೇ ನಿಲ್ದಾಣದ ನಡುವೆ ಇದ್ದಳು. ಅವಳಿಗೆ ಚೆನ್ನಾಗಿ ಕೇಳಿಸಿತು. ಅದೇ ಬಾಗಿಲು, ಅದೇ ದನಿ. ಕತ್ತಿನ ಹಗ್ಗದಂಥ ನರಗಳು ತಾವಾಗಿಯೇ ಎಳೆದವು. ಅಜ್ಜಿ ಒಳಗೆ ಎದ್ದು ಕೂತಳು. ಹಿರಿಯರು ಎರಡನೇ ಸಲ ಕರೆಯಬಾರದು ಕೂಸೇ.

ಹಿರಿಯರು ಎಲ್ಲಿದಾರಜ್ಜಿ ಅಲ್ಲಿ, ಎಂದುಕೊಂಡಳು ಲಾಮಿಸಿ. ಕತ್ತನ್ನು ನೆಟ್ಟಗೆ ಹಿಡಿದಳು. ಎರಡು ವರ್ಷ ಮೂಟೆ ಹೊತ್ತ ಕತ್ತು, ನಿಂತುಕೊಂಡಿತು.

"ಲಾಮಿಸಿ! ಏ, ನಿನ್ನನ್ನೇ!"

ಸುಆಮೆಗೆ ಹೋಗುವ ವ್ಯಾನಿನವನು ಊರ ಹೆಸರು ಹೇಳಿ ಹೇಳಿ ಜನರನ್ನು ಕರೆಯುತ್ತಿದ್ದ. ಮೂಳೆ ಕೂರಿಸುವ ಮುದುಕ ಅಲ್ಲೇ ಇರುವುದು. ಮೂರು ವಾರ ಕಳೆದಿದೆ. ಮತ್ತೆ ಮುರಿದೇ ಕೂರಿಸಬೇಕು ಎನ್ನುತ್ತಾನೆ. ಮುರಿಯಲಿ. ಈ ಸಲ ಮುರಿಯುವವನು ಕೇಳಿ ಮುರಿಯುತ್ತಾನೆ.

ಲಾಮಿಸಿ ಊದಿದ ಕೈಯನ್ನು ಎದೆಗೆ ಒತ್ತಿಕೊಂಡು, ಎಡಗೈಯಲ್ಲಿ ಬಾಗಿಲ ಕಂಬಿ ಹಿಡಿದು ವ್ಯಾನು ಹತ್ತಿದಳು. ಕಿಟಕಿಯ ಪಕ್ಕ ಕೂತಳು. ಬೆಡಿಯಾಕೊ ಇನ್ನೂ ಕೂಗುತ್ತಿದ್ದ. ಪಾಪ ಬರುವುದಿದ್ದರೆ ಬರಲಿ, ಅವಳು ಹೊರುತ್ತಾಳೆ, ಹೊರೆ ಅವಳಿಗೆ ಹೊಸದಲ್ಲ.

ಅವನ ಗಂಟಲು ಒಣಗಲಿ.